ಬಾಡಿಗೆಯ ತಂಪು

ಬೈತಖೋಲದ ಐಸ್ ಪ್ಲಾಂಟಿನಲ್ಲಿ ನಾನು ಲೆಕ್ಕ ಬರೆಯುವವಳು.
ಹದಿನೇಳು ವರ್ಷ. ಬೆರಳ ಸಂದಿಗೆ ಶಾಯಿ,
ಸೆರಗಿಗೆ ಬಂಗಡೆಯ ವಾಸನೆ.

ನೀರು ಒಳನುಗ್ಗಿದ ವರ್ಷ
ಖಾತೆ ಪುಸ್ತಕಗಳು ಕಪಾಟಿನಲ್ಲೇ ಮುಳುಗಿದವು.
ಶೆಟ್ಲಿ ಹರವುವ ಚಾಪೆಯ ಮೇಲೆ ಒಣಹಾಕಿದೆ, ಪುಟ ಪುಟ.
ತಾಂಡೇಲನ ಸಾಲ ಪೆಡ್ನೇಕರನ ಪುಟಕ್ಕೆ ಅಂಟಿ
ಯಾರು ಯಾರಿಗೆ ಕೊಡಬೇಕೆಂಬುದು
ಎಲ್ಲರ ಒಳ್ಳೆಯತನದ ಮೇಲೆ ನಿಂತಿತು.
ಒಳ್ಳೆಯತನ ನಲವತ್ತು ಸಾವಿರ ಕಡಿಮೆ ಬಿತ್ತು.

ಆಮೇಲೆ ಬಂದ ಭಟ್ಕಳದ ಹುಡುಗ ಸುಹೈಲ್ ರುಕ್ನುದ್ದೀನ್,
ಕೊಡೆ ಮಡಚುತ್ತ: ಲೆಕ್ಕ ಇನ್ನು ಕ್ಲೌಡಿನಲ್ಲಿಡಿ, ಬಾಯಿಯವರೇ.
ಮೋಡವೇ? ಅಂದೆ.
ಮೋಡ ಕಂಡರೆ ನಾವಿಲ್ಲಿ ಬೋಟು ಬಿಗಿಯುತ್ತೇವೆ,
ನೀನು ಗಂಟನ್ನೇ ಅದರೊಳಗೆ ಇಡೆನ್ನುತ್ತೀಯಲ್ಲ!

ನಕ್ಕ. ಹೆಸರಷ್ಟೇ ಮೋಡ, ಇರುವುದು ಕಟ್ಟಡ.
ಕಿಟಕಿಯಿಲ್ಲದ್ದು. ಒಳಗೆ ಸಾಲು ಸಾಲು ಕಪಾಟು,
ಕಪಾಟಿನೊಳಗೆ ಯಂತ್ರ, ಯಂತ್ರಕ್ಕೆ ವಿಪರೀತ ಸೆಕೆ,
ಹಗಲು ರಾತ್ರಿ ತಣ್ಣಗಿಡಬೇಕು.
ಕರೆಂಟು ಹೋದರೆ ಜನರೇಟರು,
ಅದು ಕೈಕೊಟ್ಟರೆ ಇನ್ನೊಂದು.
ಬೇಕಾದಷ್ಟೇ ಜಾಗ ಹಿಡಿಯಿರಿ, ಹಿಡಿದಷ್ಟಕ್ಕೇ ಬಾಡಿಗೆ.

ಅಯ್ಯೋ, ಇದು ನಮ್ಮದೇ ಧಂದೆ!
ಬಲೆ ತುಂಬಿದ ತಿಂಗಳು ತಾಂಡೇಲ
ನಮ್ಮ ಕೋಣೆಯಲ್ಲಿ ಮುನ್ನೂರು ಕ್ರೇಟು ಇಡುತ್ತಾನೆ;
ಬಂಗಡೆ ಮುನಿದರೆ, ಮೂರೇ.
ಸ್ವಂತ ಕೋಲ್ಡ್ ಸ್ಟೋರೇಜು ಕಟ್ಟಿಸಿದ ಅವನ ಭಾವ
ಈಗ ಅದರಲ್ಲಿ ತೆಂಗಿನಕಾಯಿ ಪೇರಿಸಿದ್ದಾನೆ.

ಹಾಗಾಗಿ ಬಲ್ಲವಳಂತೆ ಕೇಳಿದೆ:
ಬೀಗದ ಕೈ ಯಾರ ಬಳಿ?
ಬಾಡಿಗೆ ತಪ್ಪಿದರೆ ಎಷ್ಟು ದಿನ ಕಾಯುತ್ತೀರಿ,
ಸಾಮಾನು ಹೊರಗೆಸೆಯುವ ಮುನ್ನ?
ಹೆದ್ದಾರಿ ಅಗೆಯುವವರು ಕೇಬಲ್ಲು ಕಡಿದರೆ?
ಮೂರನೆಯದಕ್ಕೆ ಸುಹೈಲ್ ಕೊಡೆಯ ಕಡ್ಡಿ ಎಣಿಸಿದ.

ಈಗ ನಮ್ಮ ಲೆಕ್ಕ ಮುಂಬಯಿಯಲ್ಲಿದೆಯಂತೆ,
ಅದರದೊಂದು ಪ್ರತಿ ಹೈದರಾಬಾದಿನಲ್ಲಂತೆ.
ಮೊನ್ನೆ ಸಿಡಿಲಿಗೆ ಆಫೀಸಿನ ಕಂಪ್ಯೂಟರು ಸತ್ತಿತು.
ದುರ್ಗೇಶನ ಫೋನಿನಲ್ಲಿ ಪಾಸ್‌ವರ್ಡು ಒತ್ತಿದೆ:
ತಾಂಡೇಲನ ಬಾಕಿ, ಪೈಸೆ ಸಮೇತ,
ಬೇರೆಯವರ ಅಂಗಳದಲ್ಲಿ ಒಣಗಿದ ಅಂಗಿಯಂತೆ
ಗರಿಗರಿಯಾಗಿ ಬಂತು.

ಡ್ರಾಯರಿನಲ್ಲಿ ಒಂದು ನೋಟ್‌ಬುಕ್ಕೂ ಇದೆ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.
ಸುಹೈಲನಿಗೆ ಹೇಳಿಲ್ಲ.

ಕಂಪ್ರೆಸರು ಗುಡುಗುವ ರಾತ್ರಿಪಾಳಿಯಲ್ಲಿ ಒಮ್ಮೊಮ್ಮೆ ಅನಿಸುತ್ತದೆ,
ಅಲ್ಲಿಯೂ ಒಬ್ಬ ಇರಬಹುದು,
ಸ್ವೆಟರು ತೊಟ್ಟು, ಮೀಟರಿನ ಮುಳ್ಳು ನೋಡುತ್ತ,
ಯಾರ ಮೀನೆಂದು ತಿಳಿಯದೆ
ಎಲ್ಲರ ಮೀನು ಕಾಯುತ್ತ.
ಅವನಿಗೂ ಬೆಳಗಿನ ಜಾವ
ಮೊಣಕಾಲು ಹಿಡಿದುಕೊಳ್ಳುತ್ತಿರಬಹುದು.