ಐದು ಸಾವಿರ ಲೀಟರ್

ರಾಯಲ್ ಸರ್ಕಲ್ ದಾಟಿ ಚಪ್ಪಲಿ ಅಂಗಡಿ ಮಗ್ಗಲಿನ ಸಂದಿಯಾಗ
ಕನ್ನಡಿ ಮಡಚಿ, ರಿವರ್ಸ್ ಹಾಕಿ,
ಸಂಪಿನ ಮುಚ್ಚಳ ತೆಗೆದು ಪೈಪು ಇಳಿಸಿದರ
ಇಪ್ಪತ್ತು ನಿಮಿಷ. ಒಂದು ಬೀಡಿ. ಒಂದು ಸಹಿ.

ಆ ಬೀರಿನ ಮನಿಗೆ ಎಂಟು ತಿಂಗಳು ನೀರು ಹಾಕೀನಿ,
ಒಳಗ ಕಾಲಿಟ್ಟಿಲ್ಲ.
ಮ್ಯಾಲಿಂದ ನಗು ಇಳೀತಿತ್ತು, ಕುರ್ಚಿ ಎಳೆಯೋ ಸದ್ದು,
ಈರುಳ್ಳಿ ಹಾಕಿ ಕಲಸಿದ ಶೇಂಗಾದ ವಾಸನಿ.
ನಂದೇನಿದ್ದರೂ ಸಂಪಿನ ತನಕ.

ಮೊನ್ನೆ ಸಂಜಿ ಪ್ರಸೂನ ಮೇಡಂ ಕೆಳಗ ಬಂದಳು.
ಬ್ರೂಸ್‌ಪೇಟೆ ಹುಡುಗಿ, ಬೀರು ಕಾಯಿಸೋದು ಆಕಿನೇ.
ಮೊಣಕಾಲ ತನಕ ರಬ್ಬರ್ ಬೂಟು, ಕಿವಿಗೆ ಸಿಗಿಸಿದ ಪೆನ್ನು.
'ಎರ್ರಿಸ್ವಾಮಿ, ಉಗಾದಿ ಮರುದಿನ ತಂದ ನೀರು ಯಾವ ಬೋರಿಂದು?'
'ಅದೇ ರೀ, ಕೊಳಗಲ್ ರೋಡಿಂದು' ಅಂದೆ
ಪೈಪಿನ ಕಡೆ ನೋಡಿಕೋತ.
ಇಪ್ಪತ್ತೈದು ದಿನ ಆಗಿತ್ತು. ನೀರು ಮರೀತೈತಿ ಅಂತ ತಿಳಿದಿದ್ದೆ.
'ಮ್ಯಾಲೆ ಬಾ' ಅಂದಳು.

ಮೂರು ಮಾಳಿಗಿ.
ನಡುವ ಗಾಜಿನ ಹಿಂದ ಉಕ್ಕಿನ ಹಂಡೇವು,
ಮದುವಿ ಸಾರಿನ ಡಬರಿ ಅದರ ಮುಂದ ಗಿಂಡಿ.
ಬಾಗಿಲದಾಗ ಚಪ್ಪಲಿ ಬಿಡಾಕ ಹೋದೆ,
'ಗುಡಿ ಅಲ್ಲೋ ಮಾರಾಯ' ಅಂದ ಒಬ್ಬ ವೇಟರ್.

ಮಾಳಿಗಿ ಮ್ಯಾಲೆ ಅಂಥಾ ಡೌಲೇನೂ ಇರಲಿಲ್ಲ.
ತಂತಿಗೆ ಜೋತುಬಿದ್ದ ಬಲ್ಬು, ಎಣ್ಣಿ ಡಬ್ಬಿಯಾಗ ತುಳಸಿ,
ಉಗುರು ನೀಲಿಗಟ್ಟಿದ ಜೀನ್ಸ್ ಕಟಿಂಗ್ ಮಾಸ್ತರ ಇಬ್ಬರು,
ಕೊರಳಿನ ಐಡಿ ಕಾರ್ಡು ಪರ್ಸಿಗೆ ತುರುಕಿದ ಬ್ಯಾಂಕಿನ ಹೆಂಗಸು.
ನನ್ನ ತೊಯ್ದ ಪ್ಯಾಂಟು ಯಾರೂ ನೋಡಲಿಲ್ಲ.
ಎದುರಿಗೆ ಕೋಟೆ ಗುಡ್ಡ,
ಹಗಲೆಲ್ಲ ಕಾದ ಬಂಡೆ ಈಗ ಮೆಲ್ಲಕ ಬಿಸಿ ಉಸಿರು ಬಿಡಾಕತ್ತಿತ್ತು.
ಊರ ತುಂಬ ಮಾಳಿಗಿಗೊಂದು ಕರಿ ಟ್ಯಾಂಕು,
ನನಗ ಎಲ್ಲಾ ತಲಿ ಎತ್ತಿ ಕಾಯಾಕತ್ತಂಗ ಕಂಡವು.

ಎರಡು ಸಣ್ಣ ಗ್ಲಾಸು ತಂದಿಟ್ಟಳು.
'ಗಾಡಿ ಹೊಡೀಬೇಕ್ರೀ.'
'ನುಂಗಬ್ಯಾಡ. ನಾಲಿಗಿಗೆ ಹಚ್ಚು, ಸಾಕು.'

ಮೊದಲಿಂದು ಬೇವಿನ ಹೂವಿನಂಗ,
ಕಹಿ ಅಂದ್ರ ಕಹಿ, ಆಮ್ಯಾಲೆ ಏನಿಲ್ಲ.
ಎರಡನೇದು ನಾಲಿಗಿ ಹಿಂದ ಹೋಗಿ
ಕಲ್ಲಿನಂಗ ಕುಂತಿತು. ಒಂಚೂರು ಸವಳು.
ಅದರ ಹಿಂದ ತಾಮ್ರದ ಕೊಡ,
ಕೊಡದ ಹಿಂದ ನಮ್ಮವ್ವ ಬಟ್ಟಿಗೆ ಸೋಸೋ ಕೈ.

'ಇದು ನಮ್ಮ ಓಣಿದು' ಅಂದುಬಿಟ್ಟೆ.
ಸುಳ್ಳಿಗಿಂತ ಮೊದಲು ನಾಲಿಗಿ ಹೊರಳಿತ್ತು.
ಕೊಳಗಲ್ ರೋಡಿನ ಮೋಟರ್ ಸುಟ್ಟಿತ್ತು ಅವತ್ತು,
ನಸುಕಿನಾಗ ಕೊಡಗಳ ಸಾಲು ಏಳೋದರಾಗ
ನಮ್ಮ ಬೋರಿಗೇ ಪೈಪು ಹಚ್ಚಿದ್ದೆ.

ಬೈತಾಳ ಅಂತ ಕುಂತೆ. ಆಕಿ ಕಿವಿಯಿಂದ ಪೆನ್ನು ತಗದು
ಪುಸ್ತಕದಾಗ ಏನೋ ಬರಕೊಂಡಳು.
'ಜನ ಇದನ್ನೇ ಕೇಳಾಕತ್ತಾರ, ಮಾರಾಯ.
ಆ ಮಾಸ್ತರ ನೋಡು, ಮೂರನೇದು.
ಇನ್ನೊಂದು ಟ್ರಿಪ್ಪು ಸಿಗತೈತೇನು?
ರೇಟು ಡಬಲ್.'

ಡಬಲ್.
ನಾನು ಮಾಸ್ತರನ ಗ್ಲಾಸು ನೋಡಿದೆ.
ನೊರಿ ಮೀಸಿಗೆ ಹತ್ತಿತ್ತು, ಒರಸಿಕೊಂಡ ನೀಲಿ ಬಟ್ಟಿಂದ.
ನಮ್ಮ ಓಣ್ಯಾಗ ಒಂದು ಬೋರು, ನಲವತ್ತೊಂದು ಮನಿ,
ಕೊಡದ ಸಾಲಿನಾಗ ನಮ್ಮವ್ವಂದು ಆರನೇದು.
'ಕೇಳಬೇಕ್ರೀ' ಅಂದೆ.
ಯಾರನ್ನ ಅಂತ ಆಕಿ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ಕೆಳಗ ಸಂದಿಯಾಗ ಆಟೋದವ ಹಾರ್ನ್ ಹೊಡದೇ ಹೊಡದ,
ನನ್ನ ಟ್ಯಾಂಕರ್ ಅಡ್ಡ ಆಗಿತ್ತು.
ಕಟಾಂಜನಕ್ಕ ಎದಿ ಆನಿಸಿ ಬಗ್ಗಿದೆ,
'ಬಂದೆ! ಬಂದೆ ತಡಿ!' ಅಂತ ಒದರಿದೆ.
ಇಷ್ಟು ದಿನ ಕೆಳಗಿಂದಲೇ ಕೂಗಿದವ ನಾನು,
ಮ್ಯಾಲಿಂದ ಕೂಗಿದರ ದನಿ ಹೆಂಗ ಬೀಳತೈತಿ ಅಂತ
ಗೊತ್ತೇ ಇರಲಿಲ್ಲ.