ಕಿವಿಯ ಹಿಂದೊಂದು ಕಲೆ

ಮೊದಲು ಮೂಗಿಗೆ ಒಂದು ಹಳ್ಳ ತೋಡಬೇಕು,
ಹುಬ್ಬಿಗೆ ಕಾಲುವೆ, ಕೆನ್ನೆಗೆ ಮಡು.
ನಮ್ಮ ಕಸುಬೇ ಹಾಗೆ.
ಉಬ್ಬಬೇಕಾದ್ದನ್ನೆಲ್ಲ ಉಕ್ಕಿನಲ್ಲಿ ತಗ್ಗಿಸಿ
ಬಲಕ್ಕೆ ನೋಡಬೇಕಾದವನನ್ನು ಎಡಕ್ಕೆ ತಿರುಗಿಸಿ
ಹೆಸರನ್ನು ಹಿಂದುಮುಂದಾಗಿ ಬರೆದು
ತಿಂಗಳುಗಟ್ಟಲೆ ಕೂತು
ಒಬ್ಬನು ಇಲ್ಲದ ಜಾಗವನ್ನು ಕೆತ್ತುವುದು.

ಆಗಸ್ಟಸ್ ಫೆಲ್‌ಗೇಟ್, ಚಿತ್ರಕಾರ.
ಸತ್ತು ಮೂರು ವರ್ಷ.
ಎಸೆಕ್ಸಿನ ಕೆಸರುಬಯಲಿನಲ್ಲಿ, ಕಡಲು ಹಿಂದೆ ಸರಿದ ಹೊತ್ತು,
ನಲವತ್ತು ಬಗೆಯ ಬೂದು ಬಣ್ಣ ಕಂಡವನಂತೆ.
ನಾನು ಒಂದು ಚಿತ್ರವನ್ನೂ ನೋಡಿಲ್ಲ.
ಬರ್ಮಿಂಗ್‌ಹ್ಯಾಮಿನ ಈ ಓಣಿಯಲ್ಲಿ
ಒಂದೇ ಬೂದು, ಅದು ಚಿಮಣಿಯಿಂದ ಬರುತ್ತದೆ,
ಭಾನುವಾರ ಮಾತ್ರ ಸ್ವಲ್ಪ ತೆಳು.

ಸ್ಮಾರಕ ಸಮಿತಿಯವರು ಕಳಿಸಿದ್ದು
ಮಸುಕು ಫೋಟೋ ಒಂದು,
ಸತ್ತ ಮುಖದ ಮೇಲೆ ಗಾರೆ ಹೊಯ್ದು ತೆಗೆದ ಅಚ್ಚು ಒಂದು,
ಜೊತೆಗೆ ಕಾಗದ:
ನರುಳಿ ಬೇಡ. ಕಾಲರು ಶುಭ್ರವಾಗಿರಲಿ.
ರೋಮಿನ ಚಕ್ರವರ್ತಿಗಳ ಗಾಂಭೀರ್ಯ ಬರಲಿ.
ಸರಿ, ಬರಿಸಿದೆ.
ಗಾಂಭೀರ್ಯಕ್ಕೆ ಏನು, ಗದ್ದವನ್ನು ಕೂದಲೆಳೆಯಷ್ಟು ಎತ್ತಿದರೆ ಸಾಕು.

ಮಾರ್ಚಿಯಲ್ಲಿ ಅವನ ಹೆಂಡತಿ ಬಂದಳು, ಡೋರ್ಕಸ್,
ಮೂರನೇ ದರ್ಜೆಯ ರೈಲಿನಲ್ಲಿ,
ಒದ್ದೆ ಉಣ್ಣೆಯ ವಾಸನೆಯ ಜೊತೆ.
ಕಪ್ಪು ಹಲಗೆಗೆ ಅಂಟಿದ ಮೇಣದ ಮುಖವನ್ನು
ಕಿಟಕಿಗೆ ಹಿಡಿದು ನೋಡಿದಳು. ಕೂರಲಿಲ್ಲ.
'ಅಚ್ಚೊತ್ತಿದ ಹಾಗಿದೆ' ಅಂದ ಎನಾಕ್,
ಒತ್ತುಯಂತ್ರದ ಹುಡುಗ, ತನ್ನ ಮಾತಿಗೆ ತಾನೇ ನಕ್ಕ.
ಅವಳು ನಗಲಿಲ್ಲ.

'ಮೂಗು ಸರಿ' ಅಂದಳು.
'ಕಿವಿ ಇಷ್ಟು ಶುಚಿ ಯಾವತ್ತೂ ಇರಲಿಲ್ಲ.
ಕುಂಚವನ್ನು ಅಲ್ಲಿ ಸಿಕ್ಕಿಸುತ್ತಿದ್ದರು.
ಚರ್ಚಿನಲ್ಲಿ, ಮದುವೆಮನೆಯಲ್ಲಿ,
ಹಿಂದಿನ ಬೆಂಚಿನವರಿಗೆಲ್ಲ ಕಾಣುತ್ತಿತ್ತು,
ಒಂದು ಚುಕ್ಕೆ ನೀಲಿ.'

ನೀಲಿಯನ್ನು ಕಂಚಿಗೆ ಹೇಗೆ ಹೇಳುವುದು?
ಆ ರಾತ್ರಿ, ಎಲ್ಲರೂ ಹೋದ ಮೇಲೆ,
ಎಲ್ಲಕ್ಕಿಂತ ಸಣ್ಣ ಉಳಿ ತೆಗೆದು
ಕಿವಿಯ ಹಿಂದೆ ಒಂದು ಗುಳಿ ಮಾಡಿದೆ,
ಸಾಸಿವೆ ಕೂಡ ನಿಲ್ಲದಷ್ಟು.

ಅಚ್ಚನ್ನು ಬೆಂಕಿಗಿಟ್ಟು ನೀರಿಗಿಳಿಸಿದಾಗ
ಚುಂಯ್ ಅಂದಿತು, ಒಡೆಯಲಿಲ್ಲ.
ಚಿನ್ನದ್ದು ಒಂದು, ಸಮಿತಿಯ ಅಧ್ಯಕ್ಷರಿಗೆ.
ಬೆಳ್ಳಿಯವು ಹನ್ನೆರಡು, ಚಂದಾ ಕೊಟ್ಟ ಧಣಿಗಳಿಗೆ.
ಕಂಚಿನವು ಮುನ್ನೂರು.
ಮುಖವಿದೆ, ಮುಖಬೆಲೆ ಇಲ್ಲ,
ಕೊಟ್ಟರೆ ಒಂದು ರೊಟ್ಟಿಯೂ ಬರುವುದಿಲ್ಲ.

ಸಮಿತಿಯವನೊಬ್ಬ ಭೂತಗನ್ನಡಿ ಹಿಡಿದು
'ಇದೇನು ದೋಷ?' ಅಂದ.
'ಲೋಹದ್ದು ಸ್ವಾಮಿ' ಅಂದೆ.
ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ
ಕೈಯಾರೆ ಮಾಡಿದ ತಪ್ಪು ಅದೊಂದೇ,
ಅದನ್ನೂ ಲೋಹದ ಮೇಲೆ ಹಾಕಿದೆ.

ಇನ್ನೂರ ಎಪ್ಪತ್ತನೆಯ ಪೆಟ್ಟಿಗೆ ಅಚ್ಚು ಬಿರಿಯಿತು.
ಆ ಗುಳಿಯಿಂದಲೇ ಹೊರಟಿತು ಬಿರುಕು,
ಕೆನ್ನೆ ದಾಟಿ, ಬಾಯಿಯ ಮೂಲೆಗೆ.
ಎನಾಕ್ ಹೆದರಿ ಹಿಡಿಕೆ ಬಿಟ್ಟ.
ಎತ್ತಿ ನೋಡಿದರೆ, ಕಂಚಿನಲ್ಲಿ ಒಂದು ಗೀರು ಎದ್ದು
ಚಕ್ರವರ್ತಿ ಏನನ್ನೋ ತಡೆದುಕೊಂಡು ನಗುವ ಹಾಗಿದ್ದ.

ಡೋರ್ಕಸ್ ಬಂದಾಗ ಮೇಜಿನ ಮೇಲೆ ಹರವಿದೆ,
ಮಖಮಲ್ಲಿನ ಡಬ್ಬಿಯಲ್ಲಿ ಒಳ್ಳೆಯವನ್ನೇ.
ಮೂಲೆಗೆ ಎಸೆದದ್ದನ್ನು ಅವಳೇ ಬಗ್ಗಿ ಎತ್ತಿಕೊಂಡಳು.
ಹೆಬ್ಬೆರಳನ್ನು ನಾಲಗೆಗೆ ತಾಗಿಸಿ
ಕಿವಿಯ ಹಿಂದೆ ಒರೆಸಿದಳು,
ಚರ್ಚಿಗೆ ಹೊರಡುವ ಮುನ್ನ ಒರೆಸುವ ಹಾಗೆ,
ಎರಡು ಸಲ, ತುಸು ಸಿಟ್ಟಿನಿಂದಲೇ.
ಹೋಗಲಿಲ್ಲ ಅದು.
ಕೈಚೀಲಕ್ಕೆ ಹಾಕಿಕೊಂಡು ಹೊರಟಳು,
ಕಾಗದ ಸುತ್ತಿಕೊಡುತ್ತೇನೆ ಅಂದರೂ ನಿಲ್ಲದೆ.

ಸಮಿತಿಯಿಂದ ಇನ್ನೂ ಒಂಬತ್ತು ಗಿನ್ನಿ ಬರಬೇಕು.
ಹೊಸ ಅಚ್ಚಿನ ಖರ್ಚು ನನ್ನದೇ ಅಂತೆ.
ಈ ವಾರ ಗೂಳಿಯೊಂದನ್ನು ಕೆತ್ತುತ್ತಿದ್ದೇನೆ,
ದನದ ಪ್ರದರ್ಶನದ ಬಹುಮಾನಕ್ಕೆ.
ಒಡೆಯನ ಕಾಗದದಲ್ಲಿ ಇರುವುದು ತೂಕ, ಎತ್ತರ, ತಳಿ.
ಬೆಳಿಗ್ಗೆಯಿಂದ ಉಳಿ ಹಿಡಿದು ಕೂತಿದ್ದೇನೆ,
ಇದರ ಮೈಮೇಲೆ ನೊಣ ಎಲ್ಲಿ ಕೂರುತ್ತಿತ್ತು ಅಂತ
ಯಾರನ್ನು ಕೇಳಲಿ?