ಹಲ್ಲಿನ ಲೆಕ್ಕ

"ಜೋರ್ ಓಡೋದು ಬೇಕು ಕಾಕಾ" ಅಂದಳು ನಿಖತ್.
ಅಂಗೈಯಾಗ ಮೋಟಾರು,
ಟಾರ್ಚಿನ ಸೆಲ್ಲಿಗಿಂತ ಜರಾ ದಪ್ಪ, ಜರಾ ಗಿಡ್ಡ.
ಬಾಗಿಲಾಗ ಐದು ಎಚ್‌ಪಿ ಪಂಪೊಂದು
ಹೊಟ್ಟಿ ಬಿಚ್ಚಿಕೊಂಡು ಬಿದ್ದಿತ್ತು, ಸುಟ್ಟ ವಾರ್ನಿಶಿನ ವಾಸನಿ.
ಶಹಾಬಾದಿನ ಈ ಡಬ್ಬಿ ಅಂಗಡ್ಯಾಗ ಇಪ್ಪತ್ತೆರಡು ವರ್ಷ
ನಾ ಸುತ್ತಿದ್ದು ಬರೇ ದೊಡ್ಡ ಹೊಟ್ಟಿಗಳನ್ನ.
ಇದನ್ನ ಬಿಚ್ಚಿದರ ಒಳಗ ಮೂರೇ ತೋಳು,
ತೋಳಿಗೆ ಇಪ್ಪತ್ತೇಳು ಸುತ್ತು ತಾಮ್ರ.

"ಹಲ್ಲಿನ ಡಾಕ್ಟರ್ ಮಗ ಹನ್ನೆರಡು ಸುತ್ತಿಂದು ತರಿಸ್ಯಾನ.
ನಂಗೂ ಹನ್ನೆರಡೇ ಸುತ್ತಿಕೊಡ್ರಿ."

ನೋಡವ್ವ, ಸುತ್ತು ಕಡಿಮಿ ಆದಷ್ಟೂ ಓಟ ಹೆಚ್ಚು, ಖರೆ.
ಹಸಿವೂ ಹೆಚ್ಚು.
ಬ್ಯಾಟರಿ ಕುಡೀತದ, ಬ್ರಶ್ ತಿಂತದ,
ಕಡೀಕ ತನ್ನ ಮೈಯೇ ತಿಂತದ.
ಇಪ್ಪತ್ತೇಳರದು ಎಮ್ಮಿ ಇದ್ದಂಗ, ಅವಸರ ಇಲ್ಲ,
ನಿಂತ ಜಾಗದಿಂದ ಎಳೀಲಿಕ್ಕ ಅದೇ ಬೇಕು.

ಮೋಟಾರು ಇರ್ಲಿ, ಹಲ್ಲು ತೋರಿಸು ಅಂದೆ.
ಹುಡುಗಿ ಬಾಯಿ ತೆರೆದಳು.
ನಾ ಕೇಳಿದ್ದು ಗೇರಿಂದು.
ನಮ್ಮಿಬ್ಬರ ನಗಿ ಕೇಳಿ ಪಂಪಿನವ ಮುಖ ಗಂಟಿಕ್ಕಿದ:
"ಮೊದಲ ನಂದು ಮಾಡ್ರಿ ಉಸ್ತಾದ್."

ದೊಡ್ಡ ಚಕ್ರಕ್ಕ ಎಂಬತ್ತೇಳು, ಮೋಟಾರಿನ ಸಣ್ಣದಕ್ಕ ಹತ್ತೊಂಬತ್ತು.
ಭಾಗಿಸು ಅಂದೆ. ಸಮಾಜಶಾಸ್ತ್ರದ ನೋಟಬುಕ್ಕಿನ ಹಿಂದ ಭಾಗಿಸಿದಳು.
ನಾಲ್ಕೂವರಿ, ಮ್ಯಾಲ ಚೂರು.
ಹತ್ತೊಂಬತ್ತು ಬಿಚ್ಚು, ಹದಿನಾರು ಹಾಕು.
"ಅಂದ್ರ ಐದೂವರಿ ಹತ್ತಿರ. ನಿಧಾನ ಆಗ್ತದ ಕಾಕಾ!"
ಆಗ್ತದ.
ನಿಮ್ಮಪ್ಪನ ಫರ್ಸಿ ಅಂಗಳ ಎಷ್ಟುದ್ದ?
"ಮೂವತ್ತು ಹೆಜ್ಜಿ."
ತಿರುವು?
"ನಾಲ್ಕು. ಒಂದು ಕಡೆ ಕಟಿಂಗ್ ಮಷೀನಿನ ಕೆಸರು."
ಮತ್ತ ಎಲ್ಲಿ ಓಡಿಸ್ತಿ ನಿನ್ನ ಜೋರು?
ಅದೂ ಮೇ ತಿಂಗಳಾಗ. ಮುಟ್ಟೋಕ ಮೊದಲೇ
ಕಬ್ಬಿಣ ಕಾದಿರ್ತದ ಈ ಊರಾಗ.

ಹಲ್ಲಿಗೂ ಹಲ್ಲಿಗೂ ನಡುವ ಸಂದು ಎಷ್ಟಿರಬೇಕು?
ಅಳತಿಪಟ್ಟಿ ಪೆಟಿಗ್ಯಾಗೇ ಇರ್ಲಿ ಅಂದೆ.
ಜೇಬಿನಾಗಿನ ಬಸ್ ಟಿಕೀಟು, ಕಲಬುರಗಿ–ಶಹಾಬಾದ್,
ಉದ್ದಕ್ಕ ಹರಿದು ನಡುವ ಇಟ್ಟೆ,
ಮೋಟಾರು ಒತ್ತಿ ಹಿಡಿ ಅಂದೆ, ಹಿಡಿದಳು,
ಸ್ಕ್ರೂ ಬಿಗಿದೆ, ಚಕ್ರ ತಿರುವಿದೆ.
ಟಿಕೀಟು ಆಚಿ ಕಡೆ ನಿರಿಗಿ ನಿರಿಗಿಯಾಗಿ ಬಂತು,
ಎಲ್ಲೂ ಹರಿದಿಲ್ಲ.
ಹರಿದರ ಬಿಗಿ. ನಿರಿಗಿ ಬೀಳದಿದ್ರ ಸಡಿಲ.
ಎರಡೂ ಹಲ್ಲು ಮುರೀತಾವ.

ಐತ್ವಾರ ಸಂಜಿ ನಾನೂ ಹೋದೆ.
ಪಂಪಿನವಗ ಸೋಮವಾರ ಅಂದಿದ್ದೆ, ಅವನೂ ಅಲ್ಲೇ ಇದ್ದ,
ಫರ್ಸಿ ಗುಡ್ಡಿ ಮ್ಯಾಲ ಕುಂತು ಶೇಂಗಾ ತಿನ್ನಲತ್ತಿದ್ದ.
ಡಾಕ್ಟರ್ ಮಗನ ಕೆಂಪು ಗಾಡಿ
ಬಿಟ್ಟದ್ದೂ ಕಾಣಲಿಲ್ಲ, ತಿರುವಿನ್ಯಾಗಿನ ಧೂಳಷ್ಟೇ ಕಂಡದ್ದು.
ಮೂರನೇ ಸುತ್ತಿನಾಗ ಮೊದಲ ನನ್ನ ಮೂಗಿಗೆ ಗೊತ್ತಾತು.
ಆಮ್ಯಾಲ ಹೊಗಿ.
ಆಮ್ಯಾಲ ಆ ಹುಡುಗನ ಮುಖ.
ಯಾರೂ ನಗಲಿಲ್ಲ, ಅಷ್ಟು ಚಲೋ ಮಕ್ಕಳು.

ನಿಖತ್ ಗೆದ್ದಳು ಅಂದ್ರ ಸುಳ್ಳಾಗ್ತದ.
ಗೆದ್ದದ್ದು ನಾಲ್ಕನೇತ್ತಿ ಅಂಬ್ರೇಶ,
ಅಂಗಡಿಯಿಂದ ಬಂದಂಗೇ ಇದ್ದ ಗಾಡಿ,
ಒಂದು ಸ್ಕ್ರೂ ಬಿಚ್ಚಿಲ್ಲ.
ಈಕಿದು ಎರಡನೇದು.

ಗಾಡಿ ಮಗುಚಿ ಹಾಕಿ
ಮೋಟಾರಿನ ಮ್ಯಾಲ ಬೆರಳಿಟ್ಟಳು.
ನಾ ಹೇಳಿಕೊಟ್ಟಂಗೆ ಎಣಿಸಿದಳು: ಒಂದು, ಎರಡು, ಮೂರು,
ಮೂರಕ್ಕ ಕೈ ತೆಗೀತಾಳ ಅಂದುಕೊಂಡಿದ್ದೆ,
ಎಂಟರ ತನಕ ಹೋದಳು.
"ಇನ್ನೂ ಜಾಗ ಅದ ಕಾಕಾ. ಹದಿನೇಳು ಹಾಕೋಣು."

ಸೋಮವಾರ ಪಂಪು ಬಾಗಿಲಾಗೇ ಇತ್ತು.
ಮೇಜಿನ ಮ್ಯಾಲ ಡಾಕ್ಟರ್ ಮಗ ಬಿಟ್ಟುಹೋದ ಕರಿ ಮೋಟಾರು.
ನಿಖತ್ ಬಂದವಳೇ ಹಳೇ ಟಿಕೀಟು ಹುಡುಕಲತ್ತಳು.
ಅದು ಬ್ಯಾಡ, ಆಗಲೇ ನಿರಿಗಿ ಬಿದ್ದದ,
ಎರಡನೇ ಸಲ ಖರೆ ಹೇಳೋದಿಲ್ಲ ಅಂದೆ.
ಹೊಸಾದು ಕೇಳಿದಳು.
ಆವತ್ತು ನಾ ನಡಕೊಂಡೇ ಬಂದಿದ್ದೆ.
ಪಂಪಿನವ ಏನೂ ಅನ್ನದೆ
ತನ್ನ ಜೇಬಿಗೆ ಕೈ ಹಾಕಿದ.